ಶನಿಯ ಉಂಗುರದ ಜೋಡಿ, ಚಂದ್ರನ ಕಾನೂನು: ಒಂದು ಚೊಚ್ಚಲ ಕಾದಂಬರಿಯ ಪ್ರಕರಣ ಅಧ್ಯಯನ

1977ರಲ್ಲಿ ನ್ಯೂಯಾರ್ಕಿನ ಡಯಲ್ ಪ್ರೆಸ್ ಒಂದು ವಿಜ್ಞಾನ ಕಾದಂಬರಿ ಹೊರತಂದಿತು. ಹೆಸರು ‘ದಿ ಒಫಿಯುಕಿ ಹಾಟ್‌ಲೈನ್’. ಬರೆದವರು ಜಾನ್ ವಾರ್ಲಿ. 1947ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಹುಟ್ಟಿದವರು. ಮೂರು ವರ್ಷಗಳಿಂದ ಅಮೆರಿಕದ ಪತ್ರಿಕೆಗಳಲ್ಲಿ ಅವರ ಸಣ್ಣಕತೆಗಳು ಬರುತ್ತಿದ್ದವು. ಕಾದಂಬರಿ ಮಾತ್ರ ಇದೇ ಮೊದಲು.

ಈ ಪುಸ್ತಕದ ಜನ ಚಂದ್ರನಲ್ಲಿ, ಬೇರೆ ಗ್ರಹಗಳಲ್ಲಿ, ಉಪಗ್ರಹಗಳಲ್ಲಿ ಬದುಕುತ್ತಾರೆ. ಕೆಲವರಿಗೆ ಕಾಲ ಕೆಳಗೆ ನೆಲವೇ ಇಲ್ಲ. ದೇಹವನ್ನು ಬೇಕಾದ ಹಾಗೆ ಬದಲಿಸಿಕೊಳ್ಳುತ್ತಾರೆ. ಹೆಣ್ಣು ಗಂಡಾಗುವುದು, ಗಂಡು ಹೆಣ್ಣಾಗುವುದು ಅಲ್ಲಿ ಸುದ್ದಿಯೇ ಅಲ್ಲ. ಪಾದಗಳನ್ನು ತೆಗೆಸಿ ಆ ಜಾಗಕ್ಕೆ ಇನ್ನೊಂದು ಜೊತೆ ಕೈ ಹಾಕಿಸಿಕೊಂಡವರಿದ್ದಾರೆ. ಸತ್ತರೆ, ಮೊದಲೇ ತೆಗೆದಿಟ್ಟ ನೆನಪಿನ ಪ್ರತಿಯನ್ನು ಹೊಸ ದೇಹಕ್ಕೆ ತುಂಬಿ ಎಬ್ಬಿಸುತ್ತಾರೆ.

ಇಷ್ಟೆಲ್ಲ ಬದಲಾದ ಮನುಷ್ಯರ ಕತೆ ಓದಿ ಯಾರಿಗಾದರೂ ಯಾಕೆ ಮರುಕ ಹುಟ್ಟಬೇಕು? ಕೈ ಹೋದರೆ ಕೈ ಬರುತ್ತದೆ, ಜೀವ ಹೋದರೆ ಜೀವ ಬರುತ್ತದೆ ಅಂದಮೇಲೆ ಕಳೆದುಕೊಳ್ಳಲು ಏನು ಉಳಿಯಿತು? ಮೊದಲ ಕಾದಂಬರಿ ಬರೆಯುವವರು ಸಾಮಾನ್ಯವಾಗಿ ಮುಗ್ಗರಿಸುವುದು ಇಲ್ಲೇ. ವಾರ್ಲಿ ಬಹುಪಾಲು ದಾಟಿದ್ದಾರೆ. ಹೇಗೆ ದಾಟಿದರು, ಎಲ್ಲಿ ದಾಟಲಿಲ್ಲ ಅನ್ನುವುದನ್ನು ಬಿಡಿಸಿ ನೋಡುವುದು ಈ ಬರಹದ ಕೆಲಸ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬದಲಾದ ದೇಹವನ್ನು ಅವರು ಬೆರಗಿನ ವಸ್ತುವಾಗಿ ಇಡಲಿಲ್ಲ. ಅದಕ್ಕೊಂದು ಖರ್ಚು ಇಟ್ಟರು, ಒಂದು ಕಾನೂನು ಇಟ್ಟರು, ಆ ಕಾನೂನು ಮುರಿದವಳನ್ನೇ ನಾಯಕಿ ಮಾಡಿದರು.

ಮನೆ ಕಳೆದುಕೊಂಡವರು

ಕತೆಯ ಪ್ರಕಾರ 2050ರಲ್ಲಿ ಹೊರಗಿನಿಂದ ದಾಳಿಕಾರರು ಬರುತ್ತಾರೆ. ಗುರುವಿನಂಥ ಅನಿಲ ದೈತ್ಯ ಗ್ರಹಗಳಲ್ಲಿ ಹುಟ್ಟಿ ಬೆಳೆದ ಜೀವಿಗಳು ಅವರು. ಅವರ ಲೆಕ್ಕದಲ್ಲಿ ಬುದ್ಧಿ ಇರುವುದು ತಮ್ಮಂಥವರಿಗೆ, ಆಮೇಲೆ ತಿಮಿಂಗಿಲ ಮತ್ತು ಡಾಲ್ಫಿನ್‌ಗಳಿಗೆ. ಸಲಕರಣೆ ಮಾಡಿಕೊಂಡು ಬದುಕುವ ಮನುಷ್ಯ ಆ ಸಾಲಿನಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅವರು ಮನುಷ್ಯರ ಜೊತೆ ಯುದ್ಧವನ್ನೂ ಮಾಡುವುದಿಲ್ಲ, ಮಾತನ್ನೂ ಆಡುವುದಿಲ್ಲ. ಕಟ್ಟಿದ್ದನ್ನೆಲ್ಲ ಅಳಿಸಿಹಾಕುತ್ತಾರೆ, ಅಷ್ಟೇ. ಕೋಟಿ ಕೋಟಿ ಜನ ಸಾಯುವುದು ಆಮೇಲಿನ ಹಸಿವಿನಿಂದ. ಚಂದ್ರನ ಮೇಲೆ ಆಗಲೇ ಇದ್ದ ನೆಲೆ ಹೇಗೋ ಉಳಿದುಕೊಳ್ಳುತ್ತದೆ. ಅಲ್ಲಿಂದ ಜನ ಸೌರವ್ಯೂಹದ ಉದ್ದಕ್ಕೂ ಹರಡುತ್ತಾರೆ. ಭೂಮಿಗೆ ಮರಳುವ ಹಾಗಿಲ್ಲ.

ಉಳಿಯಲು ಅವರಿಗೆ ಒಂದು ಆಸರೆ ಸಿಗುತ್ತದೆ. ಉರಗಧರ ನಕ್ಷತ್ರಪುಂಜದಲ್ಲಿ 70 ಒಫಿಯುಕಿ ಅನ್ನುವ ಜೋಡಿ ನಕ್ಷತ್ರವಿದೆ. ಇದು ನಿಜವಾಗಿಯೂ ಇರುವ ನಕ್ಷತ್ರ, ನಮ್ಮಿಂದ ಸುಮಾರು 17 ಜ್ಯೋತಿರ್ವರ್ಷ ದೂರ. ಆ ದಿಕ್ಕಿನಿಂದ ಒಂದು ಸಂಕೇತ ಬರುತ್ತಲೇ ಇರುತ್ತದೆ. ಶೀರ್ಷಿಕೆಯ ‘ಹಾಟ್‌ಲೈನ್’ ಅದೇ. ಅದರ ತುಂಬ ವಿಜ್ಞಾನದ ಮಾಹಿತಿ. ಬಹುಪಾಲು ಅರ್ಥವಾಗುವುದಿಲ್ಲ. ಆದರೆ ಅರ್ಥವಾದಷ್ಟರಿಂದಲೇ ಜನ ದೇಹ ತಿದ್ದುವ ವಿದ್ಯೆ, ಗಾಳಿಯಿಲ್ಲದ ಕಡೆ ಬದುಕುವ ವಿದ್ಯೆ ಕಲಿಯುತ್ತಾರೆ. ಕಳಿಸುತ್ತಿರುವವರು ಯಾರು, ಯಾಕೆ ಕಳಿಸುತ್ತಿದ್ದಾರೆ ಅಂತ ನಾನೂರು ವರ್ಷ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಮನುಷ್ಯನನ್ನೇ ಬದಲಿಸುವ ಯೋಚನೆ ವಾರ್ಲಿಯವರಿಂದ ಶುರುವಾದದ್ದಲ್ಲ. 1960ರಲ್ಲಿ ಮ್ಯಾನ್‌ಫ್ರೆಡ್ ಕ್ಲೈನ್ಸ್ ಮತ್ತು ನೇಥನ್ ಕ್ಲೈನ್ ಎಂಬ ಇಬ್ಬರು ಸೇರಿ ಒಂದು ಲೇಖನ ಬರೆದರು. ‘ಸೈಬೋರ್ಗ್’, ಅಂದರೆ ಯಂತ್ರ ಮತ್ತು ದೇಹ ಬೆರೆತ ಜೀವಿ, ಎಂಬ ಪದ ಬಂದದ್ದು ಅಲ್ಲಿಂದಲೇ. ಬಾಹ್ಯಾಕಾಶಕ್ಕೆ ಭೂಮಿಯ ಗಾಳಿ, ಒತ್ತಡಗಳನ್ನೆಲ್ಲ ಹೊತ್ತುಕೊಂಡು ಹೋಗುವುದಕ್ಕಿಂತ ಅಲ್ಲಿಗೆ ತಕ್ಕಂತೆ ದೇಹವನ್ನೇ ಹೊಂದಿಸಬಾರದೇಕೆ ಅನ್ನುವುದು ಅವರ ವಾದ. ಮನುಷ್ಯ ಇನ್ನೂ ಬಾಹ್ಯಾಕಾಶಕ್ಕೆ ಕಾಲಿಟ್ಟಿರದ ಕಾಲ ಅದು. ಗಗಾರಿನ್ ಹೋದದ್ದು ಮರುವರ್ಷ.

ಲೀಲೋ ಮೇಲಿನ ಕೇಸು

ಕಾದಂಬರಿಯ ನಾಯಕಿ ಲೀಲೋ-ಅಲೆಕ್ಸಾಂಡರ್-ಕ್ಯಾಲಿಪ್ಸೊ. ಜೀನ್‌ಗಳನ್ನು ತಿದ್ದುವುದು ಅವಳ ಕಸುಬು. ಮಾಂಸದಂಥ ಹಣ್ಣು ಬಿಡುವ ಗಿಡವೊಂದನ್ನು ರೂಪಿಸಿ ಚೆನ್ನಾಗಿ ದುಡ್ಡು ಮಾಡಿಕೊಂಡವಳು. ಆದರೆ ಕತೆ ಶುರುವಾಗುವ ಹೊತ್ತಿಗೆ ಅವಳು ಚಂದ್ರನ ಜೈಲಿನಲ್ಲಿದ್ದಾಳೆ. ಶಿಕ್ಷೆ ‘ಶಾಶ್ವತ ಸಾವು’. ಅಂದರೆ ನೆನಪಿನ ಪ್ರತಿಗಳನ್ನೂ ಅಳಿಸುವುದು, ಮತ್ತೆ ಎಬ್ಬಿಸುವ ದಾರಿಯೇ ಇಲ್ಲದಂತೆ ಮಾಡುವುದು.

ಅವಳು ಮಾಡಿದ್ದೇನು? ಮನುಷ್ಯರ ಜೀನ್‌ಗಳ ಮೇಲೆ ಪ್ರಯೋಗ.

ನಾಲ್ಕು ಕೈಯವರು ಓಡಾಡುವ, ವಾರಕ್ಕೊಮ್ಮೆ ಮುಖ ಬದಲಿಸಿದರೂ ಯಾರೂ ಕೇಳದ ಸಮಾಜದಲ್ಲಿ ಇದೊಂದು ಮಾತ್ರ ಮರಣದಂಡನೆಯ ಅಪರಾಧ. ಮೊದಲ ಸಲ ಓದಿದಾಗ ಇದು ವಿಚಿತ್ರ ಅನ್ನಿಸುತ್ತದೆ. ಸ್ವಲ್ಪ ನಿಂತು ನೋಡಿದರೆ ಒಂದು ತರ್ಕ ಕಾಣುತ್ತದೆ. ಶಸ್ತ್ರಚಿಕಿತ್ಸೆಯಿಂದ ಬಂದ ಕೈ ಆ ಒಬ್ಬನ ಜೊತೆ ಹೋಗುತ್ತದೆ. ಅವನ ಮಗು ಎರಡು ಕೈ, ಎರಡು ಕಾಲಿನದ್ದೇ ಆಗಿ ಹುಟ್ಟುತ್ತದೆ. ಜೀನ್ ತಿದ್ದಿದರೆ ಅದು ಮಗುವಿಗೆ, ಮೊಮ್ಮಗುವಿಗೆ ಹೋಗುತ್ತದೆ. ಭೂಮಿ ಕಳೆದುಕೊಂಡ ಜನಕ್ಕೆ ‘ನಾವು ಮನುಷ್ಯರು’ ಅಂತ ಹೇಳಿಕೊಳ್ಳಲು ಉಳಿದಿರುವ ಒಂದೇ ದಾಖಲೆ ಅದು. ನೆಲ ಹೋಯಿತು, ದೇಹದ ಆಕಾರ ಹೋಯಿತು, ಜೀನ್ ಮಾತ್ರ ಇದೆ. ಅದಕ್ಕೇ ಅಷ್ಟು ಬಿಗಿ ಕಾವಲು.

ವಾರ್ಲಿ ಇದನ್ನು ಬರೆದ ಕಾಲ ನೋಡಿ. 1973ರಲ್ಲಿ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬೋಯರ್ ಒಂದು ಜೀವಿಯ ಜೀನನ್ನು ಇನ್ನೊಂದಕ್ಕೆ ಸೇರಿಸಿ ತೋರಿಸಿದರು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ವಿಜ್ಞಾನಿಗಳೇ ಸೇರಿ ಈ ಕೆಲಸಕ್ಕೆ ಎಲ್ಲಿ ಗೆರೆ ಎಳೆಯಬೇಕು ಅಂತ ಚರ್ಚೆ ಮಾಡಿದರು. ಕಾದಂಬರಿ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಆದರೆ ಅಸಿಲೊಮಾರ್‌ನ ಮುಖ್ಯ ಚಿಂತೆ ಪ್ರಯೋಗಾಲಯದಿಂದ ತಪ್ಪಿಸಿಕೊಳ್ಳಬಹುದಾದ ಬ್ಯಾಕ್ಟೀರಿಯಾ. ವಾರ್ಲಿ ಅದನ್ನು ದಾಟಿ, ಪೀಳಿಗೆಗೆ ಹರಿಯುವ ಬದಲಾವಣೆಯ ಕಡೆ ಕಣ್ಣಿಟ್ಟರು. ಇದು ನನಗೆ ಈ ಪುಸ್ತಕದ ಅತ್ಯಂತ ಚುರುಕಾದ ನೋಟ ಅನ್ನಿಸುತ್ತದೆ.

ಯಾಕೆಂದರೆ ಇವತ್ತು ಜಗತ್ತು ಗೆರೆ ಎಳೆದಿರುವುದು ಹೆಚ್ಚುಕಮ್ಮಿ ಅಲ್ಲೇ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ರೋಗಿಯ ರಕ್ತದ ಮೂಲಕೋಶಗಳನ್ನು ಕ್ರಿಸ್ಪರ್ ಎಂಬ ಜೀನ್ ತಿದ್ದುವ ವಿಧಾನದಿಂದ ಸರಿಪಡಿಸುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿಗೆ ಕೊಟ್ಟವು. ನಮ್ಮ ಮೈಸೂರು, ಚಾಮರಾಜನಗರ ಕಡೆಯ ಬುಡಕಟ್ಟು ಜನರನ್ನೂ ಕಾಡುವ ಕಾಯಿಲೆ ಇದು. ಆ ತಿದ್ದುಪಡಿ ರೋಗಿಯಲ್ಲೇ ಮುಗಿಯುತ್ತದೆ, ಹಾಗಾಗಿ ಒಪ್ಪಿಗೆ. ಅದೇ 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕ್ವಿ ಭ್ರೂಣಗಳ ಜೀನ್ ತಿದ್ದಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ ಸುದ್ದಿ ಹೇಳಿದಾಗ ಜಗತ್ತೇ ಬೆಚ್ಚಿತು. 2019ರ ಕೊನೆಯಲ್ಲಿ ಅಲ್ಲಿನ ನ್ಯಾಯಾಲಯ ಅವರಿಗೆ ಮೂರು ವರ್ಷ ಜೈಲು ವಿಧಿಸಿತು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯೂ ಪೀಳಿಗೆಗೆ ಹೋಗುವಂಥ ಜೀನ್ ತಿದ್ದುಪಡಿಯನ್ನು ನಿಷೇಧಿಸುತ್ತದೆ. ಲೀಲೋ ಕೇಸಿನ ವಾದ ನಡೆಯುವುದು ಇದೇ ಗೆರೆಯ ಮೇಲೆ, ನಾಲ್ಕು ದಶಕ ಮೊದಲೇ.

ಲೀಲೋ ಸಾಯುವುದಿಲ್ಲ. ಚಂದ್ರನ ಮಾಜಿ ಅಧ್ಯಕ್ಷನೊಬ್ಬ ಅವಳನ್ನು ಕದ್ದು ಹೊರಗೆ ತರುತ್ತಾನೆ. ಹತ್ತೊಂಬತ್ತನೇ ಶತಮಾನದ ನ್ಯೂಯಾರ್ಕಿನ ಭ್ರಷ್ಟ ರಾಜಕಾರಣಿಯ ಹೆಸರನ್ನೇ ಇಟ್ಟುಕೊಂಡ ‘ಬಾಸ್ ಟ್ವೀಡ್’ ಇವನು. ಭೂಮಿಯನ್ನು ಮರಳಿ ಪಡೆಯಬೇಕೆಂಬುದು ಇವನ ಹಠ. ಅದಕ್ಕೆ ಲೀಲೋಳಂಥ ತಜ್ಞರು ಬೇಕು. ಅವಳ ಬದಲು ಅವಳದೇ ತದ್ರೂಪಿ ಸಾಯುತ್ತಾಳೆ. ಆಮೇಲೆ ಟ್ವೀಡ್‌ನ ಹಿಡಿತದಿಂದ ತಪ್ಪಿಸಿಕೊಳ್ಳಲು ಹೋದ ಒಬ್ಬ ಲೀಲೋಳನ್ನು ಕೊಂದು ಇನ್ನೊಬ್ಬಳನ್ನು ಎಬ್ಬಿಸುತ್ತಾರೆ. ಎದ್ದವಳಿಗೆ ಹಿಂದಿನವಳು ಏನು ಮಾಡಿ ಸತ್ತಳು ಅನ್ನುವುದು ನೆನಪಿಲ್ಲ. ಬೇರೆಯವರು ಹೇಳಿ ತಿಳಿಯಬೇಕು. ಇಲ್ಲಿ ‘ಜೀವ ಹೋದರೆ ಜೀವ ಬರುತ್ತದೆ’ ಅನ್ನುವ ಮಾತು ಸುಳ್ಳಾಗುತ್ತದೆ. ಬಂದವಳು ಅವಳೇ ಅಲ್ಲ. ಸತ್ತವಳು ಸತ್ತೇ ಹೋದಳು.

ಕಾಲು ಯಾಕೆ ಬೇಕು?

ಪಾದದ ಜಾಗದಲ್ಲಿ ಕೈ ಅನ್ನುವುದಕ್ಕೆ ಭಾರತಕ್ಕೂ ಸಂಬಂಧವಿರುವ ಒಂದು ಹಿನ್ನೆಲೆ ಇದೆ. ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದವರು. ಇಲ್ಲಿನ ಪೌರತ್ವ ಪಡೆದು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. 1962ರಲ್ಲಿ ಲಂಡನ್ನಿನಲ್ಲಿ ಮನುಷ್ಯನ ಭವಿಷ್ಯದ ಬಗ್ಗೆ ಒಂದು ವಿಚಾರ ಸಂಕಿರಣ ನಡೆಯಿತು. ಅದಕ್ಕಾಗಿ ಬರೆದ ಪ್ರಬಂಧದಲ್ಲಿ ಅವರು ಹೇಳಿದ್ದು ಇದು: ದೂರದ ಬಾಹ್ಯಾಕಾಶ ಯಾನಕ್ಕೆ ಕಾಲು ಕಳೆದುಕೊಂಡವರೇ ಹೆಚ್ಚು ಸೂಕ್ತ. ತೂಕ ಕಡಿಮೆ, ಆಹಾರ ಆಮ್ಲಜನಕಗಳ ಖರ್ಚೂ ಕಡಿಮೆ. ಮಂಗಗಳ ಹಾಗೆ ಹಿಡಿಯಬಲ್ಲ ಪಾದ ಇದ್ದರೆ ಇನ್ನೂ ಒಳ್ಳೆಯದು.

ಕೇಳಲು ಕಟುವಾಗಿದ್ದರೂ ಮಾತು ಸರಿಯಾದದ್ದೇ. ತೂಕವಿಲ್ಲದ ಜಾಗದಲ್ಲಿ ಕಾಲಿಗೆ ಕೆಲಸವಿಲ್ಲ. ಕೆಲಸವಿಲ್ಲದ ಮೂಳೆಯನ್ನು ದೇಹ ಕರಗಿಸುತ್ತದೆ. ಭಾರ ಹೊರುವ ಮೂಳೆಗಳ ಸಾಂದ್ರತೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಕಡಿಮೆಯಾಗುತ್ತದೆ. ಅದನ್ನು ತಡೆಯಲು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರು ದಿನಕ್ಕೆ ಸುಮಾರು ಎರಡು ಗಂಟೆ ಬೆವರು ಸುರಿಸಬೇಕು. ಮತ್ತೆ ಭೂಮಿಗೆ ಬಂದು ನಡೆಯಬೇಕಲ್ಲ, ಅದಕ್ಕೆ. ಬರುವುದೇ ಇಲ್ಲ ಅಂದವರಿಗೆ ಆ ಕಷ್ಟ ಯಾಕೆ? ವಾರ್ಲಿಯ ಜನ ಬರುವುದಿಲ್ಲ, ಬರಲು ಊರೇ ಇಲ್ಲ. ಕಾದಂಬರಿಯಲ್ಲಿ ಜಾವೆಲಿನ್ ಅನ್ನುವ ಹೆಂಗಸು ಇದ್ದಾಳೆ. ಒಬ್ಬಳೇ ಹಡಗಿನಲ್ಲಿ ಅಲೆಯುತ್ತ ಸಣ್ಣ ಕಪ್ಪುಕುಳಿಗಳನ್ನು ಹುಡುಕಿ ಮಾರುವವಳು. ಅವಳು ತನ್ನ ದೇಹವನ್ನು ಆ ಹಡಗಿಗೆ ತಕ್ಕಂತೆ ಕಡಿಸಿ ಜೋಡಿಸಿಕೊಂಡಿದ್ದಾಳೆ. ನೆಲದ ಮೇಲೆ ನಿಲ್ಲಲು ಬೇಕಾದ ಆಕಾರವೇ ಅದಲ್ಲ. ಅವಳ ಬಗ್ಗೆ ಕತೆಯಲ್ಲಿ ಯಾರೂ ಅಯ್ಯೋ ಅನ್ನುವುದಿಲ್ಲ. ಅದು ನನಗೆ ಬಹಳ ಹಿಡಿಸಿತು.

ಹಾಲ್ಡೇನ್ ಮಾತು ಈಗ ಸ್ವಲ್ಪ ಸ್ವಲ್ಪ ನಿಜವೂ ಆಗುತ್ತಿದೆ. ಬ್ರಿಟನ್ನಿನ ಜಾನ್ ಮೆಕ್‌ಫಾಲ್ ಹದಿಹರೆಯದಲ್ಲಿ ಬೈಕ್ ಅಪಘಾತದಲ್ಲಿ ಬಲಗಾಲು ಕಳೆದುಕೊಂಡವರು. 2008ರ ಬೀಜಿಂಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಓಟದಲ್ಲಿ ಕಂಚು ಗೆದ್ದರು, ಆಮೇಲೆ ವೈದ್ಯರಾದರು. 2022ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಅವರನ್ನು ಆಯ್ಕೆ ಮಾಡಿತು. 2025ರಲ್ಲಿ ನಿಲ್ದಾಣದ ದೀರ್ಘ ಯಾನಕ್ಕೆ ಅವರು ವೈದ್ಯಕೀಯವಾಗಿ ಯೋಗ್ಯರು ಎಂಬ ಪ್ರಮಾಣಪತ್ರವೂ ಸಿಕ್ಕಿತು.

ಉಂಗುರದ ಜೋಡಿ

ಈ ಲೋಕದ ಅತ್ಯಂತ ದೊಡ್ಡ ಕಲ್ಪನೆ ಇರುವುದು ಶನಿಯ ಉಂಗುರದಲ್ಲಿ. ಕಾದಂಬರಿಯಲ್ಲಿ ಪ್ಯಾರಾಮೀಟರ್/ಸಾಲ್‌ಸ್ಟಿಸ್ ಎಂಬ ಒಂದು ಜೋಡಿ ಬರುತ್ತದೆ. ಪ್ಯಾರಾಮೀಟರ್ ಮನುಷ್ಯಳು. ಸಾಲ್‌ಸ್ಟಿಸ್ ಅವಳ ‘ಸಿಂಬ್’, ಅಂದರೆ ಅವಳನ್ನು ಸುತ್ತಿಕೊಂಡು ಅವಳೊಳಗೂ ಬೆಳೆದ ಗಿಡದಂಥ ಒಂದು ಜೀವಿ. ಹಾಟ್‌ಲೈನ್‌ನಿಂದ ಕಲಿತ ವಿದ್ಯೆಯಿಂದ ರೂಪಿಸಿದ್ದು.

ಪ್ಯಾರಾಮೀಟರ್ ಬಿಡುವ ಇಂಗಾಲದ ಡೈಆಕ್ಸೈಡ್, ಅವಳ ಮಲ ಮೂತ್ರ, ಬೆವರು ಎಲ್ಲವೂ ಸಿಂಬ್‌ಗೆ ಹೋಗುತ್ತವೆ. ಸಿಂಬ್ ಬಿಸಿಲಿನಿಂದ ಆಮ್ಲಜನಕ ಮತ್ತು ಆಹಾರ ಮಾಡಿ ಅವಳಿಗೆ ಕೊಡುತ್ತದೆ. ಕಡಿಮೆ ಬಿದ್ದದ್ದನ್ನು ಉಂಗುರದ ಮಂಜುಗಡ್ಡೆ, ಕಲ್ಲುಗಳಿಂದ ಹೀರಿಕೊಳ್ಳುತ್ತದೆ. ಹಡಗು ಬೇಡ, ಮನೆ ಬೇಡ, ಅಂಗಡಿ ಬೇಡ. ಇಬ್ಬರೇ ಒಂದು ಪುಟ್ಟ ಭೂಮಿ.

ಇದು ಆಗುವ ಮಾತೇ? ಲೆಕ್ಕ ಹಾಕಿ ನೋಡೋಣ. ಶನಿ ಸೂರ್ಯನಿಂದ ಭೂಮಿಗಿಂತ ಒಂಬತ್ತೂವರೆ ಪಟ್ಟು ದೂರ. ಅಲ್ಲಿ ಬಿಸಿಲು ಇಲ್ಲಿಯದರ ತೊಂಬತ್ತರಲ್ಲಿ ಒಂದು ಪಾಲು, ಚದರ ಮೀಟರಿಗೆ ಸುಮಾರು 15 ವ್ಯಾಟ್. ಮನುಷ್ಯನಿಗೆ ದಿನಕ್ಕೆ 2400 ಕಿಲೊಕ್ಯಾಲರಿ ಬೇಕು ಅಂದರೆ ಸರಾಸರಿ 116 ವ್ಯಾಟ್. ಗಿಡಗಳು ಬಿಸಿಲನ್ನು ಆಹಾರವಾಗಿಸುವುದರಲ್ಲಿ ಧಾರಾಳಿಗಳಲ್ಲ. ಶೇಕಡಾ 2 ಅಂತ ಹಿಡಿದರೆ ಚದರ ಮೀಟರಿಗೆ 0.3 ವ್ಯಾಟ್ ಸಿಗುತ್ತದೆ. ಹಾಗಾದರೆ ಒಬ್ಬಳಿಗೆ 390 ಚದರ ಮೀಟರ್ ಹತ್ತಿರ ಎಲೆ ಬೇಕು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ನಾಲ್ಕು ಗುಂಟೆ. ಸಿಂಬ್‌ಗೂ ಸ್ವಂತ ಖರ್ಚು ಇರುತ್ತದೆ, ಅದನ್ನೂ ಸೇರಿಸಿದರೆ ಇನ್ನಷ್ಟು.

ಮೈಗೆ ಅಂಟಿಕೊಂಡ ಹಸಿರು ತೊಗಲಿನಿಂದ ಇದು ಆಗದು. ವಾರ್ಲಿಗೆ ಅದು ಗೊತ್ತಿತ್ತು. ಅವರ ಕತೆಗಳಲ್ಲಿ ಸಿಂಬ್ ಬಿಸಿಲು ಕಾಯಿಸುವಾಗ ದೊಡ್ಡ ಹೂವಿನಂತೆ ತೆಳ್ಳಗೆ, ಅಗಲಕ್ಕೆ ಬಿಚ್ಚಿಕೊಳ್ಳುತ್ತದೆ. ಚಲಿಸಬೇಕಾದಾಗ ಮುದುಡಿಕೊಳ್ಳುತ್ತದೆ. ತೂಕ, ಗಾಳಿ ಎರಡೂ ಇಲ್ಲದ ಜಾಗದಲ್ಲಿ ನಾಲ್ಕು ಗುಂಟೆಯ ಎಲೆ ಹರಿಯುವುದೂ ಇಲ್ಲ, ಭಾರವೂ ಆಗುವುದಿಲ್ಲ. ನೀರಿಗಂತೂ ಕೊರತೆಯೇ ಇಲ್ಲ. ಶನಿಯ ಉಂಗುರಗಳು ಬಹುಪಾಲು ನೀರಿನ ಮಂಜುಗಡ್ಡೆ. ಕಾದಂಬರಿ ಬಂದಾಗ ಯಾವ ನೌಕೆಯೂ ಶನಿಯ ಹತ್ತಿರ ಹೋಗಿರಲಿಲ್ಲ. ಪಯೋನಿಯರ್ 11 ಹೋದದ್ದು 1979ರಲ್ಲಿ, ವಾಯೇಜರ್ 1 ಹೋದದ್ದು 1980ರಲ್ಲಿ. ಭೂಮಿಯ ದೂರದರ್ಶಕಗಳಿಂದ ತಿಳಿದಷ್ಟರ ಮೇಲೆ ವಾರ್ಲಿ ಕಟ್ಟಿದ ಊರು ಇದು.

ಗಿಡ ಮತ್ತು ಮನುಷ್ಯ ಒಬ್ಬರ ಉಸಿರನ್ನು ಒಬ್ಬರು ಉಸಿರಾಡುವ ಪ್ರಯೋಗ ಆಗಲೇ ನಡೆದಿತ್ತು. ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ನಲ್ಲಿ 1972ರಲ್ಲಿ ಬಯಾಸ್-3 ಎಂಬ ಮುಚ್ಚಿದ ಕೋಣೆಗಳ ವ್ಯವಸ್ಥೆ ಶುರುವಾಯಿತು. ಮೂವರು ಗೋಧಿ ಮತ್ತು ಕ್ಲೊರೆಲ್ಲಾ ಪಾಚಿಯ ಜೊತೆ ತಿಂಗಳುಗಟ್ಟಲೆ ಒಳಗಿದ್ದರು. ಪ್ರಖರ ದೀಪದ ಕೆಳಗೆ ಒಬ್ಬರ ಉಸಿರಿಗೆ 8 ಚದರ ಮೀಟರ್ ಪಾಚಿ ಸಾಕಾಯಿತು. ಇಂದಿನ ಬಾಹ್ಯಾಕಾಶ ನಿಲ್ದಾಣ ಯಂತ್ರಗಳಿಂದ ಶೇಕಡಾ 98ರಷ್ಟು ನೀರನ್ನು ಮರಳಿ ಪಡೆಯುತ್ತದೆ, ಬೆವರು, ಮೂತ್ರವೂ ಸೇರಿ. ಆಮ್ಲಜನಕದ ವಿಷಯದಲ್ಲಿ ಅಷ್ಟು ಜಾಣತನ ಇನ್ನೂ ಬಂದಿಲ್ಲ. ಉಸಿರಿನ ಇಂಗಾಲದ ಡೈಆಕ್ಸೈಡ್‌ನಿಂದ ಅರ್ಧದಷ್ಟು ಮಾತ್ರ ಮರಳಿ ಸಿಗುತ್ತದೆ.

2025ರ ಜೂನ್ ಕೊನೆಯಲ್ಲಿ ಶುಭಾಂಶು ಶುಕ್ಲಾ ಆ ನಿಲ್ದಾಣಕ್ಕೆ ಹೋದಾಗ ಕರ್ನಾಟಕದಿಂದ ಹೋದ ಪ್ರಯೋಗಗಳೂ ಇದೇ ಪ್ರಶ್ನೆಯ ಸುತ್ತಲಿನವು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಕಳಿಸಿದ್ದು ಹೆಸರುಕಾಳು, ಮೆಂತ್ಯ. ಅಲ್ಲಿ ಮೊಳಕೆ ಬಂದರೆ ಗಗನಯಾತ್ರಿಗೆ ಪಥ್ಯವೂ ಆಯಿತು, ಪೌಷ್ಟಿಕವೂ ಆಯಿತು. ಬೆಂಗಳೂರಿನ ಮೂಲಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್ ಕಳಿಸಿದ್ದು ಸ್ನಾಯುಕೋಶಗಳನ್ನು, ತೂಕವಿಲ್ಲದ ಕಡೆ ಸ್ನಾಯು ಯಾಕೆ ಕುಗ್ಗುತ್ತದೆ ಅಂತ ನೋಡಲು. ಭಾರತೀಯ ವಿಜ್ಞಾನ ಸಂಸ್ಥೆ ಕಳಿಸಿದ್ದು ಟಾರ್ಡಿಗ್ರೇಡ್‌ಗಳನ್ನು. ಅರ್ಧ ಮಿಲಿಮೀಟರ್ ಗಾತ್ರದ, ಎಂಟು ಕಾಲಿನ, ಒಣಗಿದರೂ ವಿಕಿರಣ ಬಿದ್ದರೂ ಸಾಯದ ಗಟ್ಟಿ ಜೀವ.

ಟಾರ್ಡಿಗ್ರೇಡ್ ವಿಷಯ ಸುಮ್ನೆ ಹೇಳಿದ್ದಲ್ಲ. 2016ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಒಂದು ಜೀನನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಕೋಶಗಳಿಗೆ ಸೇರಿಸಿದರು. ಎಕ್ಸ್-ರೇಯಿಂದ ಡಿಎನ್ಎಗೆ ಆಗುವ ಹಾನಿ ಸುಮಾರು ಶೇಕಡಾ 40ರಷ್ಟು ಕಡಿಮೆಯಾಯಿತು. ಗಾಜಿನ ತಟ್ಟೆಯಲ್ಲಿದ್ದ ಕೋಶಗಳು ಮಾತ್ರ, ನಿಜ. ಆದರೆ ಲೀಲೋಳ ಮೇಲೆ ಹೊರಿಸಿದ ಆರೋಪದ ಹೊಸ್ತಿಲಿಗೆ ಅದು ಬಂದು ನಿಲ್ಲುತ್ತದೆ, ಅಲ್ವಾ?

ಇನ್ನು ಆ ಜೋಡಿಯ ಮನಸ್ಸಿನ ವಿಷಯ. ಸಿಂಬ್‌ಗೆ ಸ್ವಂತ ಮಿದುಳಿಲ್ಲ. ಜೊತೆಗಾರಳ ಮಿದುಳಿನ ಒಂದಿಷ್ಟು ಜಾಗ ಬಳಸಿಕೊಂಡು ಅದು ಯೋಚಿಸುತ್ತದೆ. ಹಾಗೆ ಯೋಚಿಸುತ್ತ ಬೇರೆಯೇ ಒಬ್ಬ ವ್ಯಕ್ತಿಯಾಗುತ್ತದೆ, ಮಾತಾಡುತ್ತದೆ, ಜಗಳವಾಡುತ್ತದೆ. ಕಾದಂಬರಿಯ ವರ್ಷವೇ ಬಂದ ‘ಈಕ್ವಿನಾಕ್ಷಿಯಲ್’ ಅನ್ನುವ ಕತೆಯಲ್ಲಿ ಪ್ಯಾರಾಮೀಟರ್‌ಗೆ ಬೇರೆ ಸಿಂಬ್ ಇರುತ್ತದೆ, ಹೆಸರು ಈಕ್ವಿನಾಕ್ಸ್. ಶತ್ರುಗಳು ಅದನ್ನು ಅವಳ ಮೈಯಿಂದ ಕಿತ್ತುಕೊಳ್ಳುತ್ತಾರೆ. ಅಲ್ಲಿ ಕಳೆದುಹೋಗುವುದಕ್ಕೆ ಪ್ರತಿ ಇಲ್ಲ. ಕಿತ್ತ ಮೇಲೆ ಈಕ್ವಿನಾಕ್ಸ್‌ನ ಯೋಚನೆಗೆ ಮನೆಯೇ ಇಲ್ಲ. ಸಾವೇ ಇಲ್ಲದ ಈ ಲೋಕದಲ್ಲಿ ನನ್ನ ಗಂಟಲು ಕಟ್ಟಿದ್ದು ಇಲ್ಲಿ. ನಾನು ಮೊದಲು ಕೇಳಿದ ಪ್ರಶ್ನೆಗೆ ವಾರ್ಲಿ ಕೊಟ್ಟ ಅತ್ಯುತ್ತಮ ಉತ್ತರವೂ ಇದೇ. ಬದಲಾದ ಮನುಷ್ಯನಿಗೆ ಮರುಕ ಬರಬೇಕಾದರೆ ಆ ಬದಲಾವಣೆಯಿಂದಲೇ ಹುಟ್ಟಿದ ಹೊಸ ನಷ್ಟ ಒಂದು ಇರಬೇಕು.

ಎಲ್ಲಿ ಎಡವಿದೆ

ಕಾದಂಬರಿ ಎಡವಿರುವುದು ಈ ಸೂತ್ರವನ್ನು ಮರೆತ ಕಡೆಯಲ್ಲೇ. ಕತೆ ಮುಂದೆ ಹೋದಂತೆ ಒಬ್ಬ ಲೀಲೋ ಮೂರು ನಾಲ್ಕು ಜನವಾಗುತ್ತಾಳೆ. ಒಬ್ಬಳು ಶನಿಯ ಉಂಗುರದಲ್ಲಿ ಎಚ್ಚರಾಗಿ ಆ ಜೋಡಿಯ ಜೊತೆ ಸೇರುತ್ತಾಳೆ. ಇನ್ನೊಬ್ಬಳು ಗುರುಗ್ರಹಕ್ಕೆ ಬೀಳುತ್ತಾಳೆ. ಮತ್ತೊಬ್ಬಳು ಜಾವೆಲಿನ್ ಹಡಗು ಹತ್ತಿ ಹಾಟ್‌ಲೈನ್‌ನ ಮೂಲ ಹುಡುಕಿಕೊಂಡು ಹೊರಡುತ್ತಾಳೆ. ಎಲ್ಲರಿಗೂ ಒಂದೇ ಹೆಸರು, ಒಂದೇ ಹಿಂದಿನ ನೆನಪು. ಅಧ್ಯಾಯಗಳು ಚಿಕ್ಕವು, ಘಟನೆಗಳು ಬಿರುಸು. ಯಾವ ಲೀಲೋ ಎಲ್ಲಿದ್ದಾಳೆ ಅಂತ ಹಿಂದೆ ತಿರುಗಿ ನೋಡುವುದರಲ್ಲೇ ಓದುವವರ ಗಮನ ಹೋಗುತ್ತದೆ. ಮೂರು ವರ್ಷದ ಸಣ್ಣಕತೆಗಳಲ್ಲಿ ಸೇರಿಸಿಟ್ಟ ಲೋಕವನ್ನೆಲ್ಲ ಒಂದೇ ಸಣ್ಣ ಪುಸ್ತಕಕ್ಕೆ ತುಂಬುವ ಉಮೇದು ಕಾಣುತ್ತದೆ. ಉಂಗುರದ ಜೋಡಿಗೆ ಸಿಗಬೇಕಾದಷ್ಟು ಪುಟ ಸಿಗುವುದಿಲ್ಲ. ನನಗೆ ಅದೇ ಬೇಸರ.

ಇನ್ನೊಂದು ಕೊರತೆ ನೋವಿನದ್ದು. ಈ ಲೋಕದಲ್ಲಿ ಕಾಲು ತೆಗೆಸಿ ಕೈ ಹಾಕಿಸಿಕೊಳ್ಳುವುದು ಕ್ಷೌರದಂಗಡಿಗೆ ಹೋಗಿ ಬಂದಷ್ಟು ಸಲೀಸು. ನಿಜದ ದೇಹ ಹಾಗಲ್ಲ. 2015-16ರಲ್ಲಿ 340 ದಿನ ನಿಲ್ದಾಣದಲ್ಲಿದ್ದು ಬಂದ ಸ್ಕಾಟ್ ಕೆಲ್ಲಿ, ಕಾಲು ಊದಿಕೊಂಡು, ಚರ್ಮ ಉರಿದು, ಎದ್ದು ನಿಲ್ಲುವುದೇ ಕಷ್ಟವಾಗಿತ್ತು ಅಂತ ಬರೆದುಕೊಂಡಿದ್ದಾರೆ. ಕೃತಕ ಕಾಲು ಹಾಕಿಕೊಂಡು ನಡೆಯಲು ಕಲಿತವರನ್ನು ಕೇಳಿ ನೋಡಿ, ಹೊಸ ಅಂಗ ‘ನನ್ನದು’ ಅನ್ನಿಸಲು ತಿಂಗಳುಗಳೇ ಬೇಕು. ಅದನ್ನು ತೋರಿಸುವ ಒಂದೇ ಒಂದು ಅಧ್ಯಾಯ ಇದ್ದಿದ್ದರೆ ಈ ಪುಸ್ತಕದ ತೂಕವೇ ಬೇರೆ ಆಗುತ್ತಿತ್ತು. ಅರವತ್ತರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ತರುಣರ ಪೀಳಿಗೆ ವಾರ್ಲಿಯದ್ದು. ದೇಹ ಅಂದರೆ ಬಿಡುಗಡೆ ಅನ್ನುವ ಉತ್ಸಾಹ ಪುಟಪುಟದಲ್ಲೂ ಇದೆ. ಅದರ ಸುಖ ಇದೆ, ಸುಸ್ತು ಇಲ್ಲ.

ದಾಳಿಕಾರರನ್ನು ಹತ್ತಿರದಿಂದ ತೋರಿಸದೆ ಇದ್ದದ್ದನ್ನು ಕೆಲವರು ಕೊರತೆ ಅಂದಾರು. ನಾನು ಒಪ್ಪುವುದಿಲ್ಲ. ನಮ್ಮನ್ನು ಲೆಕ್ಕಕ್ಕೇ ಇಡದವರನ್ನು ಮಾತಾಡಿಸಿದ್ದರೆ ಕತೆ ಚಿಕ್ಕದಾಗುತ್ತಿತ್ತು.

ಬಿಲ್ಲು ಬಂದ ಮೇಲೆ

ನಾನೂರು ವರ್ಷ ಪುಕ್ಕಟೆ ಬಂದ ಮಾಹಿತಿಗೆ ಒಂದು ದಿನ ಬಿಲ್ಲು ಬರುತ್ತದೆ. ಕೊಟ್ಟದ್ದಕ್ಕೆ ಬೆಲೆ ಕೊಡಿ ಅನ್ನುವ ಸಂದೇಶ. ಲೀಲೋಗಳಲ್ಲಿ ಒಬ್ಬಳು ಮೂಲ ಹುಡುಕಿ ಹೋದಾಗ ಅದು 70 ಒಫಿಯುಕಿಯಷ್ಟು ದೂರದಲ್ಲಿಲ್ಲ, ಸೌರವ್ಯೂಹದ ಆಚೆ ಬಾಗಿಲಲ್ಲೇ ಇದೆ ಅಂತ ತಿಳಿಯುತ್ತದೆ. ಇನ್ನೂ ಒಂದು ಸುದ್ದಿ ಸಿಗುತ್ತದೆ. ಭೂಮಿಯಿಂದ ಓಡಿಸಿದ ಹಾಗೆಯೇ ಮನುಷ್ಯರನ್ನು ಇಡೀ ಸೌರವ್ಯೂಹದಿಂದ ಹೊರಹಾಕುವ ಕಾಲ ಹತ್ತಿರ ಬಂದಿದೆ.

ಇಲ್ಲಿ ಲೀಲೋ ಕೇಸು ತಲೆಕೆಳಗಾಗುತ್ತದೆ. ಚಂದ್ರ, ಶನಿ ಯಾವುದೂ ಇಲ್ಲದೆ ನಕ್ಷತ್ರಗಳ ನಡುವಿನ ಕತ್ತಲಲ್ಲಿ ಬದುಕಬೇಕಾದ ಜನಕ್ಕೆ ‘ಜೀನ್ ಮುಟ್ಟಬಾರದು’ ಅನ್ನುವ ಕಾನೂನು ಇನ್ನು ಕಾವಲೋ ಸಂಕೋಲೆಯೋ? ಅಲ್ಲಿ ಬಿಸಿಲೂ ಇಲ್ಲ, ಸಿಂಬ್‌ನ ನಾಲ್ಕು ಗುಂಟೆ ಎಲೆ ಕೂಡ ಕೆಲಸಕ್ಕೆ ಬಾರದು. ವಾರ್ಲಿ ತೀರ್ಪು ಬರೆಯುವುದಿಲ್ಲ. ಆದರೆ ಶಿಕ್ಷೆಗೆ ಗುರಿಯಾದವಳ ಕೈಯಲ್ಲೇ ಆ ಸುದ್ದಿಯನ್ನು ಇಡುತ್ತಾರೆ. ಮೊದಲ ಅಧ್ಯಾಯದ ಆರೋಪಿ ಕೊನೆಗೆ ಅಗತ್ಯದ ವ್ಯಕ್ತಿಯಾಗುತ್ತಾಳೆ. ಚೊಚ್ಚಲ ಕಾದಂಬರಿಯಲ್ಲಿ ಇಂಥ ಕಟ್ಟೋಣ ಕಾಣುವುದು ಅಪರೂಪ.

ಮರುವರ್ಷ, 1978ರಲ್ಲಿ, ವಾರ್ಲಿಯ ಮೊದಲ ಕಥಾಸಂಕಲನ ಬಂತು. ಅದರ ಶೀರ್ಷಿಕೆಯ ನೀಳ್ಗತೆ ವಿಜ್ಞಾನ ಸಾಹಿತ್ಯದ ದೊಡ್ಡ ಪ್ರಶಸ್ತಿಗಳಾದ ಹ್ಯೂಗೊ, ನೆಬ್ಯುಲಾ ಎರಡನ್ನೂ ಗೆದ್ದಿತು. 1992ರಲ್ಲಿ, 1998ರಲ್ಲಿ, ಆಮೇಲೆ 2018ರಲ್ಲಿ ಅವರು ಇದೇ ಚಂದ್ರನ ಊರಿಗೆ ಕಾದಂಬರಿಗಳಲ್ಲಿ ಮರಳಿದರು. ಹಳೆಯ ವಿವರಗಳಿಗೆಲ್ಲ ಅಂಟಿಕೊಳ್ಳಲಿಲ್ಲ, ಹಾಗಾಗಿ ಇಸವಿ ಹೊಂದಿಸಿ ಓದಲು ಹೋಗಬೇಡಿ.

ಓದುವ ಮನಸ್ಸಿದ್ದರೆ ನಾನು ಹೇಳುವ ಕ್ರಮ ಇದು. ಮೊದಲು ಉಂಗುರದ ಕತೆ ‘ಈಕ್ವಿನಾಕ್ಷಿಯಲ್’ ಓದಿ. ಪ್ಯಾರಾಮೀಟರ್ ಯಾರು, ಅವಳು ಏನು ಕಳೆದುಕೊಂಡು ಬಂದವಳು ಅಂತ ಗೊತ್ತಿರುತ್ತದೆ. ಆಮೇಲೆ ಕಾದಂಬರಿ ಹಿಡಿಯಿರಿ. ಲೀಲೋಗಳ ಗಲಿಬಿಲಿಯ ನಡುವೆ ಆ ಜೋಡಿ ಬಂದಾಗ, ಪುಸ್ತಕ ಅವರಿಗೆ ಕೊಡದ ಪುಟಗಳನ್ನು ನೀವೇ ತುಂಬಿಕೊಳ್ಳಬಹುದು.